ಬೋಲ್ಟೋ ಪಿನ್ನೋ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ಚಿಕ್ಕರಾಜುವಿನ ವೆಲ್ಡಿಂಗ್ ಅಂಗಡಿ ಇತ್ತು. ಮೊದಮೊದಲು ಅವನು ಕಿಟಕಿ, ಗೇಟು, ಕುರಿರೊಪ್ಪದ ಬಾಗಿಲು ಮಾಡುತ್ತಿದ್ದ. ಒಂದು ಸಲ ಹಾಲು ಸಾಗಿಸುವವರು ಬಂದು, ಬೈಕಿಗೆ ಕ್ಯಾನು ನೇತುಹಾಕುವ ಸ್ಟ್ಯಾಂಡು ಬೇಕು, ಆದರೆ ಹೆಂಡತಿಯನ್ನು ಕೂರಿಸಿಕೊಂಡು ನೆಂಟರ ಮನೆಗೆ ಹೋಗುವ ದಿನ ಅದು ಗಾಡಿಯ ಮೇಲೆ ಇರಬಾರದು ಎಂದರು. ಚಿಕ್ಕರಾಜು ಎರಡು ವಾರ ತಲೆ ಕೆಡಿಸಿಕೊಂಡು ದಾರಿ ಹುಡುಕಿದ. ಗಾಡಿಯ ಚಾಸಿಗೆ ಎರಡು ಕೊಕ್ಕೆ ಖಾಯಂ. ಸ್ಟ್ಯಾಂಡನ್ನು ಅದಕ್ಕೆ ಸಿಗಿಸಿ ಎರಡು ಪಿನ್ ತೂರಿಸಿದರೆ ಭದ್ರವಾಗಿ ಕೂರುತ್ತಿತ್ತು. ಬೇಡವಾದಾಗ ಪಿನ್ ಎಳೆದರೆ ಸ್ಟ್ಯಾಂಡು ಕೈಗೆ ಬರುತ್ತಿತ್ತು. ಸ್ಪ್ಯಾನರ್ ಬೇಕಿರಲಿಲ್ಲ.

ಬೆಟ್ಟ ಹತ್ತಲು ಬಂದಿದ್ದ ಯಾರೋ ಬೈಕಿನವನು ಅದನ್ನು ನೋಡಿ ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಕಿದ. ಅಲ್ಲಿಂದ ಶಿರಾ, ತುಮಕೂರು, ಹಿಂದೂಪುರದ ಕಡೆಯಿಂದ ಒಬ್ಬೊಬ್ಬರೇ ದೂರ ಪ್ರಯಾಣ ಹೋಗುವವರು ಹುಡುಕಿಕೊಂಡು ಬರತೊಡಗಿದರು. ಅವರಿಗೆ ಬೇಕಾದದ್ದೂ ಅದೇ. ದಾರಿಯಲ್ಲಿ ಬಟ್ಟೆಬರೆ ಹೊರುವ ಪೆಟ್ಟಿಗೆ ಇರಬೇಕು, ಲಾಡ್ಜು ಸಿಕ್ಕಾಗ ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದು ಒಳಗೆ ಹೋಗುವಂತಿರಬೇಕು. ಕಿಟಕಿ, ಗೇಟಿನ ಕೆಲಸ ಹಿಂದೆ ಬಿತ್ತು. ಅಂಗಡಿಯ ಗೋಡೆ ತುಂಬ ತಗಡಿನ ಪೆಟ್ಟಿಗೆ, ಬೆನ್ನಿಗೆ ಒರಗುವ ಬ್ಯಾಕ್‌ರೆಸ್ಟು, ಗಾಳಿ ತಡೆಯುವ ಗಾಜು ನೇತಾಡಿದವು. ಎಲ್ಲವೂ ಹಾಕಿ ತೆಗೆಯುವಂಥವು.

ರೇಣುಕಯ್ಯ ಬಂದದ್ದು ಮಾಗಿಯ ಚಳಿ ಇನ್ನೂ ಬಿಡದ ಒಂದು ಬೆಳಿಗ್ಗೆ. ಕೊರಟಗೆರೆಯವರು. ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಅದರಲ್ಲಿ ಹದಿನೆಂಟು ವರ್ಷ ಕೊರಟಗೆರೆ, ಮಧುಗಿರಿ, ಪಾವಗಡದ ರೂಟಿನಲ್ಲೇ ಓಡಾಡಿದ್ದರು. ಚಿಕ್ಕರಾಜು ಹೈಸ್ಕೂಲಿಗೆ ಹೋಗುವಾಗ ಅವರದೇ ಬಸ್ಸು ಹತ್ತುತ್ತಿದ್ದ. ಪಾಸು ಮರೆತ ದಿನ ಅವರು ಅವನನ್ನು ಇಳಿಸಿರಲಿಲ್ಲ. ಆ ನೆನಪು ಅವನಿಗೆ ಇತ್ತು, ಅವರಿಗೆ ಇರಲಿಲ್ಲ.

ನೀಲಿ ಬಣ್ಣದ ಹೊಸ ಬೈಕು. ಸ್ಟ್ಯಾಂಡು ಹಾಕಿ, ಹೆಲ್ಮೆಟ್ ತೆಗೆದು, ಅವರು ಗೋಡೆಯ ಸಾಮಾನುಗಳನ್ನು ಒಂದೊಂದಾಗಿ ನೋಡಿದರು.

"ಹಂಪಿಗೆ ಹೋಗ್ಬೇಕು ಅಂತಿದೀನಿ ಕಣ್ಲಾ ರಾಜ. ನಾಗಲಮಡಿಕೆ ದೇವ್ರಿಗೆ ಕೈ ಮುಗ್ದು, ಕಲ್ಯಾಣದುರ್ಗದ ಮೇಲೆ ಬಳ್ಳಾರಿ ಹಿಡ್ದು ಹೋಗೋದು. ಒಬ್ನೇ."

"ಒಬ್ರೇ ಯಾಕಣ್ಣ? ಯಾರಾದ್ರೂ ಜೊತೆಗಿದ್ರೆ ಚೆಂದ."

"ಮೂವತ್ತೆರಡು ವರ್ಷ ಐವತ್ತು ಜನದ ಮಧ್ಯ ನಿಂತಿದೀನಿ. ರಸ್ತೆನ ಒಂದಿನಾನೂ ಮುಂದ್ಲಿಂದ ನೋಡಿಲ್ಲ. ಪಕ್ಕದ ಕಿಟಕೀಲಿ ಹಿಂದಕ್ಕೆ ಹೋಗೋದನ್ನೇ ನೋಡಿದ್ದು. ಈಗ ಮುಂದೆ ಕೂತು ನೋಡ್ಬೇಕು ಅನ್ನಿಸ್ತು."

ಅವರು ಹೇಳಿದ ರೀತಿಯಲ್ಲಿ ತಮಾಷೆ ಇರಲಿಲ್ಲ. ಚಿಕ್ಕರಾಜು ನಗಲಿಲ್ಲ.

ಯಾವುದು ಬೇಕು, ಯಾವುದು ಬೇಡ ಎಂಬುದಕ್ಕೆ ಅವರು ಮೂರು ದಿನ ತೆಗೆದುಕೊಂಡರು. ದಿನಾ ಬಂದು ಕೂರುತ್ತಿದ್ದರು. ಚಿಕ್ಕರಾಜುವಿನ ಹೆಂಡತಿ ಮಂಗಳಗೌರಿ ಟೀ ತಂದುಕೊಟ್ಟರೆ ಕುಡಿದು, ಮತ್ತೆ ಎದ್ದು ಪೆಟ್ಟಿಗೆಗಳನ್ನು ಮುಟ್ಟಿ ನೋಡುತ್ತಿದ್ದರು. ಗಾಳಿ ತಡೆಯುವ ಗಾಜು ಬೇಡವೆಂದರು, ಗಾಳಿ ಮುಖಕ್ಕೆ ಬಡಿಯಲಿ ಎಂದೇ ತಾನೆ ಹೋಗುತ್ತಿರುವುದು. ಬ್ಯಾಕ್‌ರೆಸ್ಟು ಬೇಕೆಂದರು, ಅದು ತಮಗಲ್ಲ. ಅವರ ಹೆಂಡತಿ ರಾಜಲಕ್ಷ್ಮಮ್ಮನ ತಂಗಿಯ ಮನೆ ಶಿರಾ ಹತ್ತಿರದ ಗೌಡಗೆರೆಯಲ್ಲಿ. ತಿಂಗಳಿಗೊಮ್ಮೆ ಆಕೆಯನ್ನು ಅಲ್ಲಿಗೆ ಕರೆದುಕೊಂಡು ಹೋಗುವಾಗ ಬೆನ್ನಿಗೆ ಆಸರೆ ಬೇಕು. ಹಂಪಿಗೆ ಹೊರಟಾಗ ಅದನ್ನು ತೆಗೆದು ಆ ಜಾಗದಲ್ಲಿ ಮಳೆ ಅಂಗಿ, ಹೊದಿಕೆ ಕಟ್ಟಿಕೊಳ್ಳಬಹುದು.

ಕೊನೆಗೆ ಪೆಟ್ಟಿಗೆಯ ಮಾತು ಬಂತು. ರೇಣುಕಯ್ಯನವರಿಗೆ ಬೋಲ್ಟ್ ಹಾಕಿ ಬಿಗಿಯುವ ಪೆಟ್ಟಿಗೆಯ ಮೇಲೇ ಮನಸ್ಸಿತ್ತು.

"ಬೋಲ್ಟ್ ಅಂದ್ರೆ ಒಂದು ಧೈರ್ಯ ಕಣಪ್ಪ. ಬಿಗಿದ್ಮೇಲೆ ಮುಗೀತು. ಈ ಪಿನ್ನು ಗಿನ್ನು ಎಲ್ಲಾದ್ರೂ ಕಳಚ್ಕೊಂಡ್ರೆ?"

"ಬೋಲ್ಟ್ ಹಾಕ್ಸುದ್ರೆ ಅಮ್ಮೋರು ಕೂತಾಗ ಕಾಲು ಎಲ್ಲಿ ಇಡ್ತಾರಣ್ಣ? ಪ್ರತಿ ಸಲ ಸ್ಪ್ಯಾನರ್ ಹಿಡ್ಕೊಂಡು ಕೂತ್ಕೊಂತೀರಾ? ಲಾಡ್ಜ್‌ನಲ್ಲಿ ಪೆಟ್ಗೆ ಹೊರಗೇ ಬುಟ್ಟು ಮಲ್ಗುದ್ರೆ ನಿದ್ದೆ ಬತ್ತದಾ?"

ಚಿಕ್ಕರಾಜು ಅಷ್ಟಕ್ಕೆ ಬಿಡಲಿಲ್ಲ. ತನ್ನ ಗಾಡಿಗೆ ಪೆಟ್ಟಿಗೆ ಸಿಗಿಸಿ, ಎರಡು ಪಿನ್ ತೂರಿಸಿ, ಪೆಟ್ಟಿಗೆಯ ಮೇಲೆ ತಾನೇ ಹತ್ತಿ ನಿಂತ. ಒಂದೆರಡು ಸಲ ಕುಪ್ಪಳಿಸಿದ. ಅಲ್ಲಾಡಲಿಲ್ಲ.

"ಎಪ್ಪತ್ತೈದು ಕೇಜಿ ಐದೀನಿ ಅಣ್ಣ. ನಿಮ್ ಬಟ್ಟೆ ಎಷ್ಟು ಭಾರ ಇದ್ದಾತು?"

"ಸರಿ, ನಿನ್ ಮಾತೇ ಇರ್ಲಿ," ಎಂದರು ರೇಣುಕಯ್ಯ. "ಪಿನ್ನೇ ಹಾಕು."

ಅವನು ಹತ್ತಿ ನಿಂತಿದ್ದ ಪೆಟ್ಟಿಗೆಗೆ ಇದ್ದದ್ದು ಹಳೆಯ ಪಿನ್ನುಗಳು. ಅವನ್ನು ಅವನೇ ಟ್ರ್ಯಾಕ್ಟರಿನ ಹಳೆಯ ಸರಳಿನಿಂದ ಕಡೆಸಿ, ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದ್ದ. ಒಂದೊಂದನ್ನೂ ವೈಸಿನ ಇಕ್ಕಳಕ್ಕೆ ಕಚ್ಚಿಸಿ ಸುತ್ತಿಗೆಯಿಂದ ಹೊಡೆದು ನೋಡಿದ ಮೇಲೆಯೇ ಗಿರಾಕಿಗೆ ಕೊಡುತ್ತಿದ್ದ. ಆದರೆ ಆ ತಿಂಗಳು ಕೆಲಸ ಜಾಸ್ತಿಯಾಗಿತ್ತು. ಊರೂರು ತಿರುಗುವ ಬಿಡಿಭಾಗದ ವ್ಯಾಪಾರಿಯೊಬ್ಬ ಒಂದು ಪೊಟ್ಟಣ ರೆಡಿ ಪಿನ್ನು ಕೊಟ್ಟು ಹೋಗಿದ್ದ. ಕನ್ನಡಿಯಂತೆ ಹೊಳೆಯುತ್ತಿದ್ದವು, ತೂರಿಸಿದರೆ ಟಕ್ ಎಂದು ಕೂರುತ್ತಿದ್ದವು. ಚಿಕ್ಕರಾಜು ಅದರಲ್ಲಿ ಎರಡನ್ನು ಹಾಲಿನ ಬೋರಪ್ಪನ ಸ್ಟ್ಯಾಂಡಿಗೂ ನಾಲ್ಕನ್ನು ರೇಣುಕಯ್ಯನವರ ಎರಡೂ ಪಕ್ಕದ ಪೆಟ್ಟಿಗೆಗಳಿಗೂ ಹಾಕಿದ. ಹೊಡೆದು ನೋಡಬೇಕು ಎಂದು ಅವನಿಗೆ ಹೊಳೆಯಲಿಲ್ಲ ಎಂದರೆ ಸುಳ್ಳು. ಹೊಳೆಯಿತು. ಇಷ್ಟು ನಯವಾಗಿ ಮಾಡಿದವರು ನೋಡದೆ ಇರುತ್ತಾರೆಯೇ ಎಂದುಕೊಂಡು ಬಿಟ್ಟ.

ಮರುವಾರ ರೇಣುಕಯ್ಯ ಹೊರಟರು. ಬೆಳಗಿನ ಏಳು ಗಂಟೆಗೆ ಮುಂಚೆ ಮಧುಗಿರಿ ದಾಟುವಾಗ, ಅಂಗಡಿಯ ಮುಂದೆ ಕಸ ಗುಡಿಸುತ್ತಿದ್ದ ಮಂಗಳಗೌರಿಯನ್ನು ನೋಡಿ ಹಾರ್ನ್ ಮಾಡಿ ಕೈ ಎತ್ತಿದರಂತೆ. ಚಿಕ್ಕರಾಜು ಆಗ ಹಿತ್ತಿಲಲ್ಲಿ ಸ್ನಾನ ಮಾಡುತ್ತಿದ್ದ.

ಒಂಬತ್ತು ದಾಟಿದ ಮೇಲೆ ಹಾಲಿನ ಬೋರಪ್ಪ ಗಾಡಿ ತಳ್ಳಿಕೊಂಡು ಬಂದ. ಸುತ್ತಲಿನ ಹಳ್ಳಿಗಳಲ್ಲಿ ಹಾಲು ಎತ್ತಿ ಡೈರಿಗೆ ಹಾಕುವವನು. ಅವನ ಪಂಚೆಯೆಲ್ಲ ಹಾಲು, ಮಣ್ಣು.

"ನೋಡಪ್ಪ ನಿನ್ ಸ್ಟ್ಯಾಂಡು," ಎಂದ ಅವನು. ಸಿಟ್ಟು ಮಾಡಿಕೊಳ್ಳುವ ಜಾತಿಯಲ್ಲ. "ಮೋರಿ ತಾವ ಹಳ್ಳಕ್ಕೆ ಇಳೀತು, ಹಿಂದಿನ್ ಪಿನ್ನು ಕಡ್ಡಿ ಮುರ್ದಂಗೆ ಮುರೀತು. ಕ್ಯಾನು ವಾಲ್ಕೊಂಡು ಚಕ್ರಕ್ಕೆ ಬಂತು. ನಿಧಾನ್ವಾಗಿದ್ದೆ, ಬಚಾವಾದೆ."

ಚಿಕ್ಕರಾಜು ಮುರಿದ ಪಿನ್ನನ್ನು ಕೈಗೆ ತೆಗೆದುಕೊಂಡ. ಹೊರಗೆ ಹೊಳಪು. ಮುರಿದ ಕಡೆ ಒಳಗೆಲ್ಲ ಬೂದು, ಉಂಡೆ ಬೆಲ್ಲ ಒಡೆದಾಗ ಕಾಣುವಂಥ ಹರಳು ಹರಳು. ಉಕ್ಕು ಮುರಿಯುವ ಮೊದಲು ಬಾಗುತ್ತದೆ. ಇದು ಬಾಗಿರಲಿಲ್ಲ. ಎರಕದ ಸಾಮಾನು. ಪೊಟ್ಟಣದಲ್ಲಿ ಉಳಿದಿದ್ದ ಒಂದನ್ನು ತೆಗೆದು ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಒಂದು ಏಟು ಹಾಕಿದ. ತಲೆ ಹಾರಿ ಗೋಡೆಗೆ ಬಡಿಯಿತು. ಇನ್ನೊಂದು ಹಾಕಿದ. ಅದೂ ಹಾಗೆಯೇ.

"ರೇಣುಕಣ್ಣ ಹೋದ್ರಾ?" ಎಂದು ಒಳಗೆ ನೋಡಿ ಕೂಗಿದ.

"ಆಗ್ಲೇ ಹೋದ್ರಲ್ಲ," ಎಂದಳು ಮಂಗಳಗೌರಿ. "ಏಳು ಗಂಟೆಗೆ ಮುಂಚೆ. ಯಾಕೆ?"

ಅವನು ಫೋನು ಹಚ್ಚಿದ. ಸ್ವಿಚ್ ಆಫ್ ಆಗಿತ್ತು. ಕೊರಟಗೆರೆಯ ಮನೆಗೆ ಹಚ್ಚಿದಾಗ ರಾಜಲಕ್ಷ್ಮಮ್ಮ ತೆಗೆದುಕೊಂಡರು.

"ಗಾಡಿ ಮೇಲೆ ಇರೋ ಗಂಟ ಫೋನು ಆಫ್ ಮಾಡಿ ಪೆಟ್ಗೆ ಒಳಗೆ ಇಡ್ತೀನಿ ಅಂದವ್ರೆ ಕಣಪ್ಪ. ಡ್ರೈವರ್ ಫೋನಲ್ಲಿ ಮಾತಾಡುದ್ರೆ ಇವ್ರು ಬಯ್ಯೋರು, ನಿಂಗೊತ್ತಲ್ಲ. ಊಟದ ಹೊತ್ಗೆ ಹಚ್ತಾರಂತೆ. ಏನಾಗ್ಬೇಕಿತ್ತು?"

ಚಿಕ್ಕರಾಜುವಿಗೆ ನಿಜ ಹೇಳಲು ಬಾಯಿ ಬರಲಿಲ್ಲ. "ಏನಿಲ್ಲಮ್ಮ, ಪೆಟ್ಗೆದು ಒಂಚೂರು ಕೆಲ್ಸ ಬಾಕಿ ಇತ್ತು. ಫೋನ್ ಬಂದ್ರೆ ಗಾಡಿ ಅಲ್ಲೇ ನಿಲ್ಸಕ್ಕೆ ಹೇಳಿ, ನಾನೇ ಬತ್ತೀನಿ," ಎಂದ.

ಪಾವಗಡದಲ್ಲಿ ಅವನಿಗೆ ಪರಿಚಯವಿದ್ದವನು ಟೈರಿನ ಅಂಗಡಿಯ ನವೀನ್ ಕುಮಾರ್ ಒಬ್ಬನೇ. ಅವನಿಗೆ ಫೋನು ಮಾಡಿ, ಮಧುಗಿರಿ ರಸ್ತೆ ಊರೊಳಗೆ ಸೇರುವಲ್ಲಿ ನಿಂತು, ಎರಡೂ ಪಕ್ಕ ತಗಡಿನ ಪೆಟ್ಟಿಗೆ ಇರುವ ನೀಲಿ ಗಾಡಿ ಬಂದರೆ ಹೇಗಾದರೂ ತಡೆ ಎಂದ. ಹಳೆಯ ಗಟ್ಟಿ ಪಿನ್ನು ನಾಲ್ಕು ಜೇಬಿಗೆ ಹಾಕಿಕೊಂಡು ತನ್ನ ಗಾಡಿ ಹತ್ತಿದ.

ಮಿಡಿಗೇಶಿಯಲ್ಲಿ ಟೀ ಅಂಗಡಿಯವನು ಅಂಥ ಗಾಡಿ ನೋಡಿಲ್ಲವೆಂದ. ಅಲ್ಲಿಂದ ಮುಂದೆ ಚಿಕ್ಕರಾಜು ರಸ್ತೆಯ ಎರಡೂ ಬದಿ ನೋಡುತ್ತಲೇ ಓಡಿಸಿದ. ಪ್ರತಿ ಹಳ್ಳ ಬಂದಾಗಲೂ ಗಾಡಿಯ ಹಿಂದಿನ ಚಕ್ರ ದಡಕ್ಕೆಂದರೆ ಅವನ ಎದೆಯೂ ದಡಕ್ಕೆನ್ನುತ್ತಿತ್ತು. ಆ ಹಳ್ಳವನ್ನು ಅವರು ಹೇಗೆ ದಾಟಿರಬಹುದು, ಎಷ್ಟು ಜೋರಾಗಿ ಇದ್ದಿರಬಹುದು ಎಂದೇ ಯೋಚನೆ. ಎರಡು ಕಡೆ ಜನ ಗುಂಪಾಗಿ ನಿಂತಿದ್ದು ಕಂಡು ಬ್ರೇಕ್ ಹಾಕಿದ. ಒಂದು ಕಡೆ ಬಸ್ಸಿಗೆ ಕಾಯುತ್ತಿದ್ದರು. ಇನ್ನೊಂದು ಕಡೆ ಶೇಂಗಾ ಒಕ್ಕುವ ಯಂತ್ರ ಕೆಟ್ಟಿತ್ತು.

ಪಾವಗಡ ಸೇರುವಾಗ ಹತ್ತೂವರೆ. ನವೀನ್ ಕುಮಾರ್ ಹೇಳಿದ ಜಾಗದಲ್ಲೇ ಬಿಸಿಲಿನಲ್ಲಿ ನಿಂತಿದ್ದ.

"ಒಂದು ಗಂಟೆಯಿಂದ ನಿಂತಿದೀನಿ ರಾಜಣ್ಣ, ಟೀಗೂ ಹೋಗಿಲ್ಲ. ಅಂಥ ಬಂಡಿ ರಾಲೇದು, ಬಂದೇ ಇಲ್ಲ."

ಇಬ್ಬರೂ ಬಸ್ ಸ್ಟ್ಯಾಂಡಿಗೆ ಹೋಗಿ ವಿಚಾರಿಸಿದರು. ಅಲ್ಲಿ ತಿಳಿಯಿತು. ರೇಣುಕಯ್ಯ ಎಂಟೂವರೆಗೇ ಬಂದು ಹಳೆಯ ಜೊತೆಗಾರರ ಬಳಿ ಕೂತಿದ್ದರು. ಇಡ್ಲಿ ತಿಂದರು, ಟೀ ಕುಡಿದರು, ಎಲ್ಲರಿಗೂ ಗಾಡಿ ತೋರಿಸಿದರು, ಪೆಟ್ಟಿಗೆ ತೆಗೆದು ಹಾಕಿ ತೋರಿಸಿದರು. ಹತ್ತು ಗಂಟೆಗೆ ಎದ್ದು ಹೋದರು. ನವೀನ್ ಕುಮಾರ್ ಊರಿನ ಒಂದು ತುದಿಯಲ್ಲಿ ಕಾಯುತ್ತಿದ್ದಾಗ ಅವರು ಒಂದು ಮೈಲಿಯೂ ಇಲ್ಲದ ಜಾಗದಲ್ಲಿ ಕೂತು ನಗುತ್ತಿದ್ದರು. ನವೀನ್ ಕುಮಾರ್ ತಲೆ ತಗ್ಗಿಸಿದ. ಅವನ ತಪ್ಪು ಏನೂ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನೋಡು ಎಂದು ಚಿಕ್ಕರಾಜುವಿಗೇ ಹೊಳೆದಿರಲಿಲ್ಲ, ಕಂಡಕ್ಟರ್ ಆಗಿದ್ದವರು ಮತ್ತೆಲ್ಲಿ ಹೋಗುತ್ತಾರೆ?

ನಾಗಲಮಡಿಕೆಯ ಗುಡಿಯ ಮುಂದೆ ನೀಲಿ ಗಾಡಿ ಇರಲಿಲ್ಲ. ಹೂವು, ಕಾಯಿ ಮಾರುವ ಪಟಾಲಮ್ಮ ಅವರನ್ನು ಚೆನ್ನಾಗಿ ನೋಡಿದ್ದಳು.

"ಇಪ್ಪುಡೇ, ಈಗ್ಲೇ ಹೋದ್ರು ನಾಯ್ನಾ, ಒಂದು ಅರ್ಧ ಗಂಟೆ ಆಗಿರ್ಬೋದು. ಪೆಟ್ಟೆಗಳು ಎರಡೂ ತೆಗ್ದು ನನ್ ತಾವ ಇಟ್ಟು ಒಳಕ್ಕೆ ಹೋದ್ರು, ನೋಡ್ಕೋ ಅಮ್ಮ ಅಂತ. ಬಂದು ತಿರ್ಗಾ ತಗಿಲಿಸ್ಕೊಂಡ್ರು. ನಾನು ಬಂಡಿ ಹಿಡ್ಕೊಂಡಿದ್ದೆ. ಟಕ್ ಅಂತ ಸದ್ದು ಬಂತು. ವಿನ್ನಾವಾ ಅಮ್ಮ, ಕೇಳುಸ್ತಾ, ಎಷ್ಟು ಗಟ್ಟಿ ಕೂತ್ಕೊಂತು ನೋಡು ಅಂದ್ರು. ಒಳ್ಳೆ ಮನುಷ್ಯ. ಯಾಕೆ, ಏನಾಯ್ತು?"

ರೇಣುಕಯ್ಯ ಯಾವ ರಸ್ತೆ ಕೇಳಿದರು ಎಂದು ಮಾತ್ರ ಚಿಕ್ಕರಾಜು ಕೇಳಿದ. ಆಕೆ ಆಂಧ್ರದ ಕಡೆಯ ದಾರಿಗೆ ಕೈ ತೋರಿಸಿದಳು.

ಗಡಿ ದಾಟಿ ಎಂಟು ಕಿಲೋಮೀಟರಿನ ಮೇಲೆ, ಒಣಗಿದ ಹಳ್ಳದ ಸೇತುವೆಯ ಪಕ್ಕದಲ್ಲಿ ಗಾಡಿ ಬಿದ್ದಿತ್ತು. ಏಳೆಂಟು ಜನ ನಿಂತಿದ್ದರು. ಒಬ್ಬ ರೈತ ತೆಲುಗಿನಲ್ಲಿ, ನಿಮಗೆ ಗೊತ್ತಿದ್ದವರಾ ಎಂದು ಕೇಳಿದ. ಚಿಕ್ಕರಾಜು ತಲೆಯಾಡಿಸಿದ. ಆಂಬುಲೆನ್ಸ್ ಬಂದು ಕರೆದುಕೊಂಡು ಹೋಗಿ ಹತ್ತು ನಿಮಿಷವಾಯಿತು, ಮಾತಾಡುತ್ತಿದ್ದರು, ಕಾಲು ಮಾತ್ರ ಎತ್ತಲು ಆಗುತ್ತಿರಲಿಲ್ಲ ಎಂದ ಆ ರೈತ. ಜೋರಾಗಿ ಬರುತ್ತಿರಲಿಲ್ಲ, ನಾನು ಹೊಲದಿಂದ ನೋಡಿದೆ ಎಂದ. ಸೇತುವೆಯ ಅಂಚಿನ ತಗ್ಗಿಗೆ ಚಕ್ರ ಇಳಿದಿದ್ದೇ ಒಂದು ಪೆಟ್ಟಿಗೆ ಜೋತು ಬಿದ್ದು ಚಕ್ರಕ್ಕೆ ಸಿಕ್ಕಿಕೊಂಡಿತು, ಗಾಡಿ ಅಡ್ಡ ತಿರುಗಿ ಎಸೆಯಿತು.

ಪೆಟ್ಟಿಗೆ ಒಡೆದು ಬಾಯಿ ಬಿಟ್ಟಿತ್ತು. ಮಡಚಿಟ್ಟ ಅಂಗಿಗಳು, ಒಂದು ಟವೆಲು, ಹುರಿಗಾಳಿನ ಡಬ್ಬಿ, ದಾರಿಯ ಊರುಗಳನ್ನು ಬರೆದುಕೊಂಡಿದ್ದ ಸಣ್ಣ ಪುಸ್ತಕ ರಸ್ತೆಯ ಮೇಲೆ ಹರಡಿದ್ದವು. ಚಿಕ್ಕರಾಜು ಕುಕ್ಕರುಗಾಲಿನಲ್ಲಿ ಕೂತು ಒಂದೊಂದನ್ನೇ ಎತ್ತಿಕೊಂಡ. ಕೊಕ್ಕೆಯಲ್ಲಿ ಉಳಿದಿದ್ದ ಮುರಿದ ಪಿನ್ನನ್ನೂ ಬಿಡಿಸಿಕೊಂಡ. ಟವೆಲಿನೊಳಗೆ ಸುತ್ತಿದ್ದ ಫೋನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅವನ ಜೇಬಿನಲ್ಲಿ ನಾಲ್ಕು ಗಟ್ಟಿ ಪಿನ್ನು ತೊಡೆಗೆ ಒತ್ತುತ್ತಿದ್ದವು.

ಆಗ ಅವನ ಫೋನು ಬಡಿದುಕೊಂಡಿತು. ರಾಜಲಕ್ಷ್ಮಮ್ಮ.

"ಸಿಕ್ಕುದ್ರಾ ರಾಜು? ನಿನ್ ಕೆಲ್ಸ ಆಯ್ತಾ?"

ಅವನು ಏನೋ ಹೇಳಿದ. ಬಿದ್ದಿದ್ದಾರೆ, ಮಾತಾಡುತ್ತಿದ್ದಾರಂತೆ, ಮಗನನ್ನು ಕರೆದುಕೊಂಡು ಬನ್ನಿ ಎಂದ. ಆಕೆ ಯಾವ ಊರು ಎಂದು ಕೇಳಿದರು. ಅವನಿಗೆ ಊರಿನ ಹೆಸರು ಗೊತ್ತಿರಲಿಲ್ಲ. ಆ ರೈತನ ಕೈಗೆ ಫೋನು ಕೊಟ್ಟ.

ಆಸ್ಪತ್ರೆಯಲ್ಲಿ ರೇಣುಕಯ್ಯನವರನ್ನು ಸ್ಟ್ರೆಚರಿನ ಮೇಲೆ ಮಲಗಿಸಿದ್ದರು. ಸೊಂಟದ ಕೆಳಗೆ ಎಲುಬು ಎರಡು ಕಡೆ ಮುರಿದಿರಬೇಕು ಎಂದರು. ಮುಖ ಬೆವರಿ ಹೋಗಿತ್ತು, ಆದರೂ ಅವನನ್ನು ನೋಡಿ ಗುರುತು ಹಿಡಿದರು.

"ನೀನ್ಯಾಕ್ ಬಂದ್ಯೋ ಇಲ್ಲಿಗಂಟ," ಎಂದರು. ಮತ್ತೆ, "ತಪ್ಪು ನಂದೇ ಕಣ್ಲಾ ರಾಜ. ಗುಡಿ ತಾವ ಮಾತಾಡ್ತಾ ಮಾತಾಡ್ತಾ ಪಿನ್ ಹಾಕ್ಬುಟ್ಟೆ. ಸರ್ಯಾಗಿ ಕೂತಿರ್ಲಿಲ್ವೇನೋ. ನಿನ್ ಹೆಸ್ರು ಕೆಡುಸ್ದೆ."

"ಇಲ್ಲಣ್ಣ, ಅದು ಅಂಗಲ್ಲ, ಪಿನ್ನೇ..." ಎಂದು ಚಿಕ್ಕರಾಜು ಶುರು ಮಾಡುವಷ್ಟರಲ್ಲಿ ನರ್ಸ್ ಅವನನ್ನು ಆಚೆ ಕಳಿಸಿ, ಸ್ಟ್ರೆಚರನ್ನು ಎಕ್ಸ್‌ರೇಗೆ ತಳ್ಳಿಕೊಂಡು ಹೋದಳು.

ಮಧ್ಯಾಹ್ನ ಮೂರಕ್ಕೆ ರಾಜಲಕ್ಷ್ಮಮ್ಮ ಮತ್ತು ಮಗ ಅಂಜನ್ ಕುಮಾರ್ ಕಾರಿನಲ್ಲಿ ಬಂದರು. ಅಂಜನ್ ಕುಮಾರ್ ಕೊರಟಗೆರೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದವನು. ಈ ಪ್ರಯಾಣ ಬೇಡವೆಂದು ಮೊದಲಿನಿಂದಲೂ ಹೇಳಿದ್ದ. ಅವರು ಡಾಕ್ಟರನ್ನು ಕಂಡು, ತುಮಕೂರಿಗೆ ಕರೆದೊಯ್ಯುವುದೆಂದು ನಿರ್ಧರಿಸಿ ಹೊರಗಿನ ಬೆಂಚಿನಲ್ಲಿ ಕೂತಾಗ ಚಿಕ್ಕರಾಜು ಎದುರಿಗೆ ಹೋಗಿ ನಿಂತ. ಮುರಿದ ಪಿನ್ನನ್ನು ಅಂಗೈಯಲ್ಲಿಟ್ಟು ತೋರಿಸಿದ. ಪೊಟ್ಟಣದ ಮಾಲು ತೆಗೆದುಕೊಂಡದ್ದು, ಹೊಡೆದು ನೋಡದೆ ಹಾಕಿದ್ದು, ಅವರು ಬೋಲ್ಟ್ ಕೇಳಿದರೂ ತಾನು ಪಿನ್ನೇ ಹಾಕಿಸಿದ್ದು, ಬೋರಪ್ಪ ಬಂದದ್ದು, ಎಲ್ಲ ಹೇಳಿದ.

ರಾಜಲಕ್ಷ್ಮಮ್ಮ ಪಿನ್ನನ್ನು ನೋಡಲಿಲ್ಲ, ಅವನ ಮುಖವನ್ನು ನೋಡಿದರು.

"ಬೆಳಿಗ್ಗೆ ಒಂಚೂರು ಕೆಲ್ಸ ಬಾಕಿ ಅಂದಿದ್ದೆ. ಈಗ ಇಂಗಂತೀಯ. ಅವ್ರು ನಿಂಗೇನು ಹೇಳ್ಕೊಟ್ರಪ್ಪ ಒಳಗೆ? ನನ್ ಮಾನ ಉಳ್ಸು ಅಂದ್ರಾ?"

"ಇಲ್ಲಮ್ಮ, ದೇವ್ರಾಣೆ ನಿಜ."

"ಅಪ್ಪನೇ ನನ್ನ ಹತ್ರ ಹೇಳಿದ್ರಲ್ಲ," ಎಂದ ಅಂಜನ್ ಕುಮಾರ್. ಮರ್ಯಾದೆಯಾಗಿಯೇ ಹೇಳಿದ. "ನಾನೇ ಸರಿಯಾಗಿ ಹಾಕಲಿಲ್ಲ ಅಂತ. ಬಿದ್ದಾಗ ಯಾವ ಪಿನ್ ಆದರೂ ಮುರಿಯುತ್ತೆ. ನೀವು ಇಷ್ಟು ದೂರ ಹುಡುಕಿಕೊಂಡು ಬಂದಿದ್ದೇ ದೊಡ್ಡದು. ಅಪ್ಪನಿಗೆ ಅರವತ್ತೊಂದು. ನಾನು ಬೇಡ ಅಂದಿದ್ದೆ, ಕೇಳಲಿಲ್ಲ. ಇದರಲ್ಲಿ ನಿಮ್ಮದೇನೂ ಇಲ್ಲ."

ಚಿಕ್ಕರಾಜು ಮತ್ತೊಮ್ಮೆ ಹೇಳಿದ. ಅವರು ಮತ್ತೊಮ್ಮೆ ಸಮಾಧಾನ ಮಾಡಿದರು. ಬೈದಿದ್ದರೆ, ಕೆನ್ನೆಗೆ ಎರಡು ಹೊಡೆದಿದ್ದರೆ ಅವನು ಎಲ್ಲಿಯಾದರೂ ಕೂತು ಅತ್ತುಬಿಡುತ್ತಿದ್ದ. ರಾಜಲಕ್ಷ್ಮಮ್ಮ ಅವನ ಕೈಗೆ ಬಾಳೆಹಣ್ಣು ಕೊಟ್ಟು, ಬೆಳಗಿನಿಂದ ಏನೂ ತಿಂದಿಲ್ಲ ಅನ್ನಿಸುತ್ತದೆ, ತಿನ್ನು ಎಂದರು.

ಮನೆಗೆ ಬಂದಾಗ ಮಂಗಳಗೌರಿ ಬಾಗಿಲಲ್ಲೇ ಕೇಳಿದಳು. "ಹೇಳಿದ್ಯಾ?"

"ಹೇಳ್ದೆ."

"ಏನಂದ್ರು?"

"ಬಾಳೆಹಣ್ಣು ಕೊಟ್ರು."



ಮಾರನೆಯ ದಿನದಿಂದ ಅವನು ಹಾಕಿ ತೆಗೆಯುವ ಸಾಮಾನು ಮಾಡುವುದನ್ನು ನಿಲ್ಲಿಸಿದ. ಉಳಿದ ಪಿನ್ನುಗಳನ್ನೆಲ್ಲ ಮುರಿದು ಗುಜರಿಗೆ ಹಾಕಿದ. ಬೋರಪ್ಪನ ಸ್ಟ್ಯಾಂಡಿಗೆ ಬೋಲ್ಟ್ ಬಿಗಿದುಕೊಟ್ಟ. ಹಳೆಯ ಗಿರಾಕಿಗಳಿಗೆ ಫೋನು ಮಾಡಿ, ತನ್ನ ಕೈಯಿಂದ ಮಾಡಿದ ಪಿನ್ನೇ ಇದೆ ಎಂದು ಗೊತ್ತಿದ್ದರೂ, ಬಂದು ತೋರಿಸಿಕೊಂಡು ಹೋಗಿ ಎಂದ. ಶಿರಾದಿಂದ ಬಂದ ಒಬ್ಬ, "ಕ್ಯಾ ಭಾಯಿ, ಎರಡು ವರ್ಷದಿಂದ ಬಿಲ್ಕುಲ್ ಅಲ್ಲಾಡಿಲ್ಲ, ಯಾಕೆ ಹೆದರ್ತೀರಿ," ಎಂದು ನಕ್ಕ. ಚಿಕ್ಕರಾಜು ಅವನ ಗಾಡಿಯ ನಾಲ್ಕು ಪಿನ್ನನ್ನೂ ಬಿಚ್ಚಿ, ಹೊಡೆದು ನೋಡಿ, ಮತ್ತೆ ಹಾಕಿದ. ರಾತ್ರಿ ಊಟಕ್ಕೆ ಕೂತಾಗ ಅವನ್ನು ಮತ್ತೊಮ್ಮೆ ನೋಡಬೇಕಿತ್ತು ಅನ್ನಿಸಿತು.

ತುಮಕೂರಿನಲ್ಲಿ ರೇಣುಕಯ್ಯನವರಿಗೆ ಆಪರೇಷನ್ ಆಯಿತು. ಎಲುಬಿಗೆ ಸರಳು ಹಾಕಿದರು. ಚಿಕ್ಕರಾಜು ಎರಡು ಸಲ ನೋಡಲು ಹೋದ. ಎರಡು ಸಲವೂ ಮಂಚದ ಸುತ್ತ ನೆಂಟರಿದ್ದರು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದು ಬಂದವರೆಲ್ಲ ಅವರನ್ನೇ ಕೇಳುತ್ತಿದ್ದರು. ಅವರು ಛಾವಣಿ ನೋಡಿಕೊಂಡು ಹೌದೌದು ಎನ್ನುತ್ತಿದ್ದರು. ಚಿಕ್ಕರಾಜು ಕಾಲ ಬಳಿ ನಿಂತಿದ್ದು ವಾಪಸು ಬಂದ.

ಯುಗಾದಿ ಕಳೆದ ಮೇಲೆ ಕೊರಟಗೆರೆಯ ಮನೆಗೆ ಹೋದ. ರೇಣುಕಯ್ಯ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಹಿಡಿದು ನಡೆಯುವ ವಾಕರ್. ಮೈ ಇಳಿದಿತ್ತು. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿದೆ, ಇನ್ನು ಗಾಡಿಯ ಮಾತು ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರಂತೆ. ಅಂಜನ್ ಕುಮಾರ್ ಗಾಡಿಯನ್ನು ರಿಪೇರಿ ಮಾಡಿಸಿ ಮಾರಿಬಿಟ್ಟಿದ್ದ. ಅದು ಹೋಗಿ ವಾರವಾಗಿತ್ತು.

ಆ ಹೊತ್ತು ಜಗಲಿಯಲ್ಲಿ ಬೇರೆ ಯಾರೂ ಇರಲಿಲ್ಲ. ಚಿಕ್ಕರಾಜು ಅವರ ಕುರ್ಚಿಯ ಪಕ್ಕ ಮೆಟ್ಟಿಲ ಮೇಲೆ ಕೂತು, ತಗ್ಗಿದ ದನಿಯಲ್ಲಿ, ನಿಧಾನವಾಗಿ ಎಲ್ಲವನ್ನೂ ಹೇಳಿದ. ರೇಣುಕಯ್ಯ ರಸ್ತೆಯ ಕಡೆ ನೋಡುತ್ತಲೇ ಕೇಳಿಸಿಕೊಂಡರು.

"ಎಲ್ಲಾ ಪಿನ್ನೂ ಅಂಗೇ ಮುರುದ್ವಾ? ನೀನು ಹೊಡ್ದಾಗ?"

"ಒಂದೂ ನಿಲ್ಲಲಿಲ್ಲಣ್ಣ."

"ನಾನು ಹಾಕಿದ್ದು ಸರ್ಯಾಗೇ ಕೂತಿತ್ತಾ?"

"ಸರ್ಯಾಗೇ ಹಾಕಿದ್ರಿ. ಹೂವಿನ ಅಮ್ಮನೂ ಕೇಳಿಸ್ಕೊಂಡವ್ಳೆ, ಟಕ್ ಅಂದಿದ್ದನ್ನ. ಹೊಲದಾಗಿದ್ದೋರು ನೋಡವ್ರೆ, ಜೋರಾಗೂ ಇರ್ಲಿಲ್ವಂತೆ ನೀವು. ನಿಮ್ದು ಏನೂ ತಪ್ಪಿಲ್ಲ."

"ಅಂಗಾದ್ರೆ ನಾನು ಓಡುಸ್ತಿದ್ದದ್ದು ಸರ್ಯಾಗಿತ್ತು."

"ಸರ್ಯಾಗಿತ್ತು."

ಅವರ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. ಚಿಕ್ಕರಾಜುವಿನ ಮೇಲೆ ಅವರಿಗೆ ಸಿಟ್ಟು ಬಂದಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಒಳಗಿನಿಂದ ರಾಜಲಕ್ಷ್ಮಮ್ಮ ಕಾಫಿ ತಂದಾಗ, "ಇವ್ಳಿಗೆ ಹೇಳು," ಎಂದರು. "ನಂಗೆ ಹೇಳ್ದಂಗೇ ಹೇಳು. ಮೂರು ತಿಂಗ್ಳಿಂದ ದಿನಾ ನಂದೇ ತಪ್ಪು ಅಂತ ಕೇಳಿಸ್ಕೊಂತಿದೀನಿ."

ಚಿಕ್ಕರಾಜು ಎದ್ದು ನಿಂತು ಹೇಳಿದ. ರಾಜಲಕ್ಷ್ಮಮ್ಮ ಲೋಟ ಹಿಡಿದುಕೊಂಡೇ ಕೇಳಿದರು.

"ಆಯ್ತು ಬುಡಪ್ಪ," ಎಂದರು ಕೊನೆಗೆ. "ಅವತ್ತೂ ಹೇಳಿದ್ದೆ, ಇವತ್ತೂ ಹೇಳ್ತಿದೀಯ. ಒಳ್ಳೇ ಹುಡ್ಗ ನೀನು. ಆದ್ರೆ ಇವ್ರ ಮಾತು ಕಟ್ಕೊಂಡು ನಿನ್ ಅಂಗ್ಡಿ ಹೆಸ್ರು ಯಾಕೆ ಹಾಳ್ ಮಾಡ್ಕೊಂತೀಯ? ಯಾರಾದ್ರೂ ಕೇಳುದ್ರೆ ನಿಜ ಅಂದ್ಕೊಂತಾರೆ. ಕಾಫಿ ಆರೋಯ್ತದೆ, ಕುಡಿ."

ರೇಣುಕಯ್ಯ ಏನೋ ಹೇಳಲು ಬಾಯಿ ತೆರೆದರು. ಆಕೆ ಬಗ್ಗಿ, ಜಾರಿದ್ದ ಅವರ ಹೊದಿಕೆಯನ್ನು ಕಾಲ ಮೇಲೆ ಎಳೆದು, ಮಾತ್ರೆಯ ಹೊತ್ತಾಯಿತು ಎಂದು ಒಳಗೆ ಹೋದರು.

ಇಬ್ಬರೂ ಕಾಫಿ ಕುಡಿದರು. ರೇಣುಕಯ್ಯ ಲೋಟ ಕೆಳಗಿಟ್ಟು ವಾಕರಿನ ಕಡೆ ಕೈ ಚಾಚಿದರು. ಚಿಕ್ಕರಾಜು ಅದನ್ನು ಹತ್ತಿರ ಸರಿಸಿ, ಅವರ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ. ಗೇಟಿನವರೆಗೆ ಹೋಗಿ ಬರೋಣ ಎಂದರು ಅವರು. ಹದಿನೈದು ಹೆಜ್ಜೆಯ ದಾರಿ. ಅಷ್ಟರಲ್ಲೇ ಎರಡು ಕಡೆ ನಿಂತು ದಣಿವಾರಿಸಿಕೊಂಡರು. ಗೇಟಿನ ಸರಳು ಹಿಡಿದು ಉಸಿರು ಹಿಂದಿರುಗುವ ತನಕ ನಿಂತು, ಇನ್ನು ಸಾಕು, ಒಳಗೆ ಕರ್ಕೊಂಡು ಹೋಗು ಎಂದರು.